ಬಿಪಿ ಇರುವವರಿಗೆ ಸ್ಯೂಡೋಎಫೆಡ್ರಿನ್ ಕೊಡಬಹುದೇ?

ಬಿಪಿ ಇರುವ ನಿಮ್ಮ ತಂದೆಯವರಿಗೆ ಮೂಡಿಗೆರೆ ಮಳೆಗೆ ಮೂಗು ಕಟ್ಟಿದೆ, ಸ್ಯೂಡೋಎಫೆಡ್ರಿನ್ 60 ಮಿ.ಗ್ರಾಂ ಇರುವ ಶೀತದ ಮಾತ್ರೆ ಕೊಡಬಹುದಾ ಅಂತ ಕೇಳಿದ್ದೀರಿ. ಡಾಕ್ಟರನ್ನು ಕೇಳದೆ ದಯವಿಟ್ಟು ಕೊಡಬೇಡಿ ಸರ್. ಅದು ನರತುದಿಗಳಿಂದ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸಿ, ಮೂಗಿನೊಳಗೆ ಊದಿದ ರಕ್ತನಾಳಗಳನ್ನು ಬಿಗಿಸುತ್ತದೆ. ಮೂಗು ಬಿಡುವುದು ಅದರಿಂದಲೇ. ಆದರೆ ನುಂಗಿದ ಮಾತ್ರೆ ಇಡೀ ಮೈಗೆ ಹರಡುತ್ತದೆ: ಬಿಪಿ ಏರಬಹುದು, ಎದೆ ಹೊಡೆದುಕೊಳ್ಳಬಹುದು, ನಿದ್ದೆ ಹತ್ತದಿರಬಹುದು. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ದೊಡ್ಡದಾಗಿದ್ದರೆ ಮೂತ್ರವೇ ಕಟ್ಟಿಕೊಳ್ಳಬಹುದು, ಈ ವಯಸ್ಸಿನವರಲ್ಲಿ ಇದನ್ನು ಮರೆಯಬಾರದು.

ಸದ್ಯಕ್ಕೆ ಮೂಗಿಗೆ ಸಲೈನ್ (ಉಪ್ಪುನೀರಿನ) ಡ್ರಾಪ್ಸ್ ಸಾಕು. ಮೂಗು ಬಿಡಿಸುವ ಕ್ಸೈಲೋಮೆಟಜೋಲಿನ್ ಡ್ರಾಪ್ಸ್ ಬೇಕಾದರೂ ಡಾಕ್ಟರನ್ನು ಕೇಳಿಯೇ ಹಾಕಿ, ಅದೂ 5 ದಿನ ಮೀರಬಾರದು. ಮೀರಿದರೆ ಔಷಧಿಯಿಂದಲೇ ಮೂಗು ಮತ್ತೆ ಕಟ್ಟುತ್ತದೆ. ಮೂಗು ಬಿಡಿಸಲೆಂದು ಮಾರುವ ಫಿನೈಲೆಫ್ರಿನ್ ಮಾತ್ರೆಗೆ ದುಡ್ಡು ಹಾಕಬೇಡಿ. ಬಹುಪಾಲು ಕರುಳಲ್ಲೇ ಒಡೆದುಹೋಗುತ್ತದೆ. ನುಂಗಿದರೆ ಮೂಗು ಬಿಡಿಸುವುದಿಲ್ಲ ಎಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಜ್ಞರ ಸಮಿತಿಯೇ ಹೇಳಿತು.