ಸಂಪಾದಕರ ಉತ್ತರ: ಬೈಬಲಿನ 88ನೆಯ ಕೀರ್ತನೆಯನ್ನು ಓದಬಹುದೇ?

ಗದಗದ ಸಹೋದರಿಯೊಬ್ಬರು ಬರೆದಿದ್ದಾರೆ: "ಯಜಮಾನರು ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದು ಎರಡು ತಿಂಗಳಾಯಿತು. ಅಂಗಡಿ ಮುಚ್ಚಿದೆ, ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಿದ್ದಾರೆ. ಸಭೆಯ ಹಿರಿಯರು ಬಂದು ‘ಯಾವ ಸಂಬಂಧವಾಗಿಯೂ ಚಿಂತೆಮಾಡದೆ’ ಎಂಬ ವಾಕ್ಯ ಓದಿ, ಪ್ರಾರ್ಥಿಸಿ ಹೋದರು. ಅದು ನನ್ನ ಮನಸ್ಸಿಗೆ ಹತ್ತುತ್ತಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ 88ನೆಯ ಕೀರ್ತನೆಯನ್ನೇ ಮತ್ತೆ ಮತ್ತೆ ಓದುತ್ತೇನೆ. ಊಟ ಸೇರುವುದಿಲ್ಲ. ಇದು ಅಪನಂಬಿಕೆಯೇ? ತಪ್ಪಾಗಿದ್ದರೆ ಕ್ಷಮಿಸಿ."

ಪ್ರಿಯ ಸಹೋದರಿ, ಕ್ಷಮೆ ಕೇಳುವಂಥದ್ದು ಇದರಲ್ಲಿ ಏನೂ ಇಲ್ಲ. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಬಂದರು, ಓದಿದ ವಾಕ್ಯವೂ ಸತ್ಯವೇ. ಆದರೆ ಆ ವಾಕ್ಯವಿರುವುದು ಅಪೊಸ್ತಲ ಪೌಲನು ಫಿಲಿಪ್ಪಿಯ ಸಭೆಗೆ ಬರೆದ ಪತ್ರದಲ್ಲಿ; ಅದರ ಎರಡನೆಯ ಅಧ್ಯಾಯವನ್ನೂ ಓದಬೇಕಿತ್ತು. ಸೆರೆಯಲ್ಲಿದ್ದ ಪೌಲನ ಬಳಿಗೆ ಫಿಲಿಪ್ಪಿಯಿಂದ ಬಂದ ಎಪಫ್ರೊದೀತನು ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ. ದೇವರು ಅವನನ್ನು ಉಳಿಸಿದ್ದು ತನಗೆ ದುಃಖದ ಮೇಲೆ ದುಃಖ ಬಾರದಿರಲೆಂದು ಎಂದು ಪೌಲನೇ ಬರೆಯುತ್ತಾನೆ. ಚಿಂತೆ ಮಾಡಬೇಡಿರಿ ಎಂದವನು ಗೆಳೆಯನ ಹಾಸಿಗೆಯ ಪಕ್ಕದಲ್ಲಿ ನಡುಗಿದವನು.

ಇನ್ನು ನಿಮ್ಮ ಕೀರ್ತನೆ. ಅದು ಸಂಕಟದಲ್ಲಿ ದೇವರಿಗಿಟ್ಟ ಮೊರೆ, ಕೊನೆಯಲ್ಲಿ ಸ್ತುತಿಯಿಲ್ಲ. ಇಬ್ರಿಯ ಮೂಲದಲ್ಲಿ ಅದರ ಕಟ್ಟಕಡೆಯ ಪದವೇ ‘ಕತ್ತಲೆ’. ಆದರೂ ಅದರ ತಲೆಬರಹವನ್ನು ನೋಡಿ: ಪ್ರಧಾನ ಗಾಯಕನ ಹೆಸರಿದೆ, ದೇವಾಲಯದ ಹಾಡುಗಾರರಾದ ಕೋರಹೀಯರ ಹೆಸರಿದೆ, ಹೇಮಾನನ ಹೆಸರಿದೆ. ಅಂದರೆ ಅದು ಒಬ್ಬಂಟಿಯ ಗೋಳಾಗಿ ಉಳಿಯಲಿಲ್ಲ, ಸಭೆ ಕೂಡಿ ಹಾಡುವ ಹಾಡಾಯಿತು. ಮೊದಲ ಸಾಲು ‘ನನ್ನನ್ನು ರಕ್ಷಿಸುವ ದೇವರೇ’ ಎಂದು ಕರೆಯುತ್ತದೆ. ನಂಬಿಕೆಯಿಲ್ಲದವನು ರಾತ್ರಿಹಗಲು ಯಾರನ್ನು ಕೂಗಿಯಾನು?

ನಮ್ಮ ತಂದೆ ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದಾಗ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅವ್ವ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಓದುತ್ತಿದ್ದದ್ದು ಆರನೆಯ ಕೀರ್ತನೆ ಒಂದನ್ನೇ, ಕಣ್ಣೀರಿನಿಂದ ಹಾಸಿಗೆ ತೇಲುತ್ತದೆ ಎನ್ನುವುದನ್ನು. ಆ ಪುಟದ ಅಂಚಿನಲ್ಲಿ ಅವಳ ಹೆಬ್ಬೆರಳಿನ ಅರಿಸಿನದ ಗುರುತು ಇಂದಿಗೂ ಇದೆ. ಬಂದವರೆಲ್ಲ ಒಂದೊಂದು ವಾಕ್ಯ ಹೇಳಿ ಹೋದರು, ಯಾವುದೂ ನನಗೆ ನೆನಪಿಲ್ಲ. ನೆನಪಿರುವುದು ಮುಚ್ಚಳವನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿದ ಡಬ್ಬಿಯಲ್ಲಿ ಗಂಜಿ ತಂದ ಅಜ್ಜಿ. ಅವ್ವ ಅದನ್ನು ಕುಡಿದು ಮುಗಿಸುವವರೆಗೂ ಪಕ್ಕದಲ್ಲಿ ಕೂತಿದ್ದು, ಮಾತಿಲ್ಲದೆ ಡಬ್ಬಿ ತೊಳೆದುಕೊಂಡು ಹೋದಳು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಮೊದಲ ಏಳು ದಿನ ಹೀಗೆಯೇ ಸುಮ್ಮನೆ ಕೂತಿದ್ದರು. ಬಾಯಿ ತೆರೆದ ಮೇಲಲ್ಲವೇ ದೇವರ ಕೋಪಕ್ಕೆ ಗುರಿಯಾದದ್ದು!

ನನಗೆ ಬೇಸರ ಇರುವುದು ನಿಮ್ಮ ಮೇಲಲ್ಲ, ನಮ್ಮ ಸಭೆಗಳ ಮೇಲೆ. ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. 150 ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಿನಷ್ಟು ಅಳಲು, ಮೊರೆ, ದೂರು. ಅವರು ಒಂದನ್ನೂ ಬಿಡಲಿಲ್ಲ. ಬಿಟ್ಟವರು ನಾವು. ಹೊಸ ವರ್ಷದ ರಾತ್ರಿ ಹಂಚುವ ವಾಗ್ದಾನದ ಚೀಟಿಗಳಲ್ಲಿ ಯೆರೆಮೀಯ 29:11, ಅಂದರೆ ದೇವರ ಆಲೋಚನೆಗಳು ಹಿತದವು, ಅಹಿತದವಲ್ಲ ಎಂಬ ವಚನ, ತಪ್ಪದೆ ಇರುತ್ತದೆ. ಅದರ ಹಿಂದಿನ ವಚನದಲ್ಲಿ, ಬಾಬೆಲಿನ ಸೆರೆಯಲ್ಲಿ ಎಪ್ಪತ್ತು ವರ್ಷ ಕಳೆಯಬೇಕೆಂದು ಇರುವುದನ್ನು ಯಾವ ಚೀಟಿಯೂ ಹೇಳುವುದಿಲ್ಲ. ಸಾಕ್ಷಿ ಹೇಳುವವರು ಗುಣವಾದ ಮೇಲೆ, ಕೆಲಸ ಸಿಕ್ಕಿದ ಮೇಲೆ ಎದ್ದು ನಿಲ್ಲುತ್ತಾರೆ. ಇನ್ನೂ ಗುಣವಾಗದವರು, ಇನ್ನೂ ಕೆಲಸ ಸಿಗದವರು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಹೆಣ ಮನೆಯಲ್ಲಿರುವಾಗಲೇ ‘ಅಳಬೇಡಿ, ಕರ್ತನ ಚಿತ್ತ’ ಎನ್ನುವವರನ್ನು ಕಂಡಿದ್ದೇನೆ. ಗೆಳೆಯ ಲಾಜರನ ಸಮಾಧಿಯ ಬಳಿ ಕರ್ತನಾದ ಯೇಸುವೇ ಕಣ್ಣೀರು ಬಿಟ್ಟನು. ಶಿಲುಬೆಯ ಮೇಲೆ, ನನ್ನನ್ನು ಯಾಕೆ ಕೈಬಿಟ್ಟೆ ಎಂಬ 22ನೆಯ ಕೀರ್ತನೆಯ ಮೊದಲ ಸಾಲನ್ನು ಗಟ್ಟಿಯಾಗಿ ಕೂಗಿದನು. ಕರ್ತನು ಜನರೆಲ್ಲರ ಎದುರಿಗೆ ಕೂಗಿದ ಮೊರೆಯನ್ನು ನೀವು ಯಾರಿಗೂ ಕಾಣದಂತೆ ಓದಬೇಕಾಗಿ ಬಂದಿದೆಯಲ್ಲ, ನನಗೆ ಅದನ್ನು ಸಹಿಸಲಾಗುತ್ತಿಲ್ಲ.

ಒಂದು ಮಾತಿಗೆ ಮಾತ್ರ ನಿಮ್ಮನ್ನು ಗದರಿಸುತ್ತೇನೆ. ಊಟ ಬಿಡಬೇಡಿ. ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟು ‘ಎದ್ದು ತಿನ್ನು’ ಎಂದನು. ಅವನು ತಿಂದು ಮತ್ತೆ ಮಲಗಿದಾಗ ಎರಡನೆಯ ಸಾರಿಯೂ ಎಬ್ಬಿಸಿ ತಿನ್ನಿಸಿದನು. ಈ ರಾತ್ರಿ ಎರಡು ತುತ್ತಾದರೂ ಉಣ್ಣಿರಿ. ಆಮೇಲೆ ಯಜಮಾನರ ಹಾಸಿಗೆಯ ಬಳಿ ಕುರ್ಚಿ ಎಳೆದುಕೊಂಡು, ಅವರ ಕಿವಿಗೆ ಬೀಳುವಷ್ಟು ದನಿಯಲ್ಲಿ ಆ ಕೀರ್ತನೆಯನ್ನು ಓದಿ. ಎರಡು ತಿಂಗಳಿಂದ ಅವರೂ ಅದೇ ಕತ್ತಲೆಯಲ್ಲಿ ಮಲಗಿದ್ದಾರೆ.