ನಕ್ಷತ್ರದ ಮೂಲೆಗಳು

ಪ್ರಶ್ನೆ: ನಾನು ಮೈಸೂರಿನಲ್ಲಿ ವಾಸ್ತುಶಿಲ್ಪ ಓದುತ್ತಿರುವ ವಿದ್ಯಾರ್ಥಿನಿ. ಸೋಮನಾಥಪುರದ ಕೇಶವ ದೇವಾಲಯದ ನಕ್ಷತ್ರಾಕಾರವನ್ನು ಅನುಸರಿಸಿ, ಪುಟ್ಟ ವಾಚನಾಲಯವೊಂದರ ಮಾದರಿಯನ್ನು ರಟ್ಟಿನಲ್ಲಿ ಮಾಡಿದೆ. ನೋಡಿದವರು ಬರಿಯ ನಕಲು ಎಂದರು. ಹಳೆಯ ಶಿಲ್ಪಿಗಳಿಂದ ಕಲಿಯುವುದು ಹೇಗೆ?

ಉತ್ತರ: ಮೊದಲ ಪ್ರಯತ್ನದಲ್ಲಿ ನಕಲು ಮಾಡುವುದು ತಪ್ಪಲ್ಲ, ಆದರೆ ಆಕಾರಕ್ಕಿಂತ ಅದು ಹುಟ್ಟಿದ ಕ್ರಮವನ್ನು ಅನುಸರಿಸಿ. ಚೌಕವೊಂದನ್ನು ಅದರ ಕೇಂದ್ರದ ಸುತ್ತ 22.5 ಡಿಗ್ರಿಯಂತೆ ಮೂರು ಬಾರಿ ತಿರುಗಿಸಿ ಗೆರೆ ಎಳೆದರೆ 16 ಮೂಲೆಗಳ ನಕ್ಷತ್ರ ದೊರೆಯುತ್ತದೆ. ದೇವಾಲಯದಲ್ಲಿ ಆ ಮೂಲೆಗಳು ಬಿಸಿಲನ್ನು ಒಡೆದು ನೆರಳಿನ ಪಟ್ಟಿಗಳನ್ನು ಮೂಡಿಸುತ್ತವೆ, ಶಿಲ್ಪಗಳಿಗೆ ಹೆಚ್ಚು ಗೋಡೆಯನ್ನೂ ಒದಗಿಸುತ್ತವೆ. ನಿಮ್ಮ ವಾಚನಾಲಯದಲ್ಲಿ ಶಿಲ್ಪಗಳಿಲ್ಲವಾದ್ದರಿಂದ, ಒಂದೊಂದು ಮೂಲೆಯೂ ಒಬ್ಬ ಓದುಗರು ಕಿಟಕಿಯ ಪಕ್ಕ ಕೂರುವ ಜಾಗವಾಗಲಿ. ಆಗ ಆಕಾರಕ್ಕೆ ಕಾರಣ ಸಿಗುತ್ತದೆ.

ವಸ್ತುವಿನ ವಿಷಯ ಇನ್ನೂ ಮುಖ್ಯವೆಂದು ನನಗೆ ತೋರುತ್ತದೆ. ಆ ದೇವಾಲಯವನ್ನು ಕಟ್ಟಿದ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಡುಸಾಗುತ್ತದೆ. ಅಲ್ಲಿನ ಹಲವು ಶಿಲ್ಪಗಳ ಕೆಳಗೆ ತನ್ನ ಹೆಸರು ಕೊರೆದಿರುವ ಮಲ್ಲಿತಮ್ಮನ ಕುಸುರಿಗೆ ಆ ಮೆದುತನವೇ ಎಡೆಮಾಡಿತು. ರಟ್ಟು ಇದನ್ನು ಕಲಿಸಲಾರದು. ಮುಂದಿನ ಮಾದರಿಯನ್ನು ಜೇಡಿಮಣ್ಣಿನಲ್ಲಿ ಮಾಡಿ. ಸಾಧ್ಯವಾದರೆ ಮೈಸೂರಿನಲ್ಲೇ ಬೀಟೆಮರದ ಕುಸುರಿ ಕೆಲಸ ಮಾಡುವವರ ಬಳಿ ಕೆಲವು ದಿನ ಕುಳಿತು, ಉಳಿ ಹಿಡಿಯುವುದನ್ನು ಕಲಿಯಿರಿ.