ಇಬ್ಬರು ಗೆಳೆಯರು, ಒಂದೇ ಕಾರ್ಡು: ಬ್ಯಾಂಕಾಕ್‌ನಿಂದ ಸಿಂಗಪುರಕ್ಕೆ ಹೀಗೆ ಹೊರಡಬಹುದಾ?

ಬ್ಯಾಂಕಾಕ್, ಪೆನಾಂಗ್, ಕ್ವಾಲಾಲಂಪುರ, ಸಿಂಗಪುರ ಸುತ್ತೋಕೆ ಹೊರಟಿದ್ದೀರಿ. ಖರ್ಚೆಲ್ಲ ಒಬ್ಬರ ಕಾರ್ಡಲ್ಲಿ ಮಾಡಿ ಊರಿಗೆ ಬಂದಮೇಲೆ ಲೆಕ್ಕ ಹಾಕಿದರೆ ಗೆಳೆತನ ಕೆಡುತ್ತಾ ಅಂತ ಕೇಳಿದ್ದೀರಿ. ನಾವೂ ಹೀಗೇ ಹೊರಟವರು. ಗೆಳೆತನಕ್ಕೆ ಏನೂ ಆಗಲ್ಲ ಬಿಡಿ, ಕೈಕೊಡೋದು ಕಾರ್ಡು.

ಹೇಗೆ ಅಂದ್ರೆ, 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡು ಭಾರತದೊಳಗೆ ಮಾತ್ರ ನಡೆಯೋ ಹಾಗೆ ಬರುತ್ತೆ. ಹೊರದೇಶದ ಬಳಕೆಯನ್ನ ನೀವೇ ಆ್ಯಪ್‌ನಲ್ಲಿ ಆನ್ ಮಾಡಬೇಕು. ಅದರಲ್ಲೂ ಎಟಿಎಂ, ಅಂಗಡಿ ಸ್ವೈಪ್, ಆನ್‌ಲೈನ್ ಬೇರೆ ಬೇರೆ. ಸ್ವೈಪ್ ಆನ್ ಮಾಡಿ ಎಟಿಎಂ ಮರೆಯೋರೇ ಜಾಸ್ತಿ. ಅಲ್ಲಿಗೆ ಹೋದಮೇಲೆ ನೋಡ್ಕೊಳ್ಳೋಣ ಅಂದ್ರೆ ಓಟಿಪಿ ಬೇಕು. ಓಟಿಪಿ ಬರೋ ಸಿಮ್ಮನ್ನ ವಿಮಾನ ನಿಲ್ದಾಣದಲ್ಲೇ ಬಿಚ್ಚಿ ಥಾಯ್ ಸಿಮ್ ಹಾಕಿರ್ತೀರಿ. ವಾಪಸ್ ಹಾಕಿದರೂ, ಊರಲ್ಲೇ ರೋಮಿಂಗ್ ಚಾಲೂ ಮಾಡಿಸಿರದಿದ್ದರೆ ಸಿಗ್ನಲ್ ಬರಲ್ಲ. ಇನ್ನೊಂದು ಅಪಾಯ: ಕೆಲವು ಎಟಿಎಂಗಳು ಮೊದಲು ನೋಟು ಕೊಟ್ಟು ಆಮೇಲೆ ಕಾರ್ಡು ಕೊಡ್ತವೆ. ನೋಟು ಎಣಿಸುತ್ತಾ ಹೊರಟರೆ ಕಾರ್ಡು ಮಷೀನಿನ ಹೊಟ್ಟೆಗೆ. ಇರೋದೇ ಒಂದು ಕಾರ್ಡು ಅಂದ್ರೆ ಆ ಹೊತ್ತಿಗೆ ಇಬ್ಬರೂ ಬೀದಿಪಾಲು.

ಅದಕ್ಕೇ ಇಬ್ಬರೂ ಬೇರೆ ಬೇರೆ ಬ್ಯಾಂಕಿನ ಕಾರ್ಡು ಒಯ್ಯಿರಿ, ತಲಾ ಎರಡು. ಒಂದು ಪರ್ಸಲ್ಲಿ, ಇನ್ನೊಂದು ಬ್ಯಾಗಿನ ತಳದಲ್ಲಿ. ಫಾರೆಕ್ಸ್ ಕಾರ್ಡು (ವಿದೇಶಿ ಹಣ ಮೊದಲೇ ತುಂಬಿಸೋ ಕಾರ್ಡು) ಮಾಡಿಸಿದರೆ ಥಾಯ್ಲೆಂಡಿನ ಹಣವಾದ ಬಾತನ್ನೇ ತುಂಬಿಸಿ, ಡಾಲರ್ ತುಂಬಿಸಿ ಬಾತಲ್ಲಿ ಖರ್ಚು ಮಾಡಿದರೆ ಕ್ರಾಸ್ ಕರೆನ್ಸಿ ಶುಲ್ಕ ಬೀಳುತ್ತೆ. ತಲಾ 200 ಡಾಲರ್ ನಗದು ಇರಲಿ, ಹರಿದ, ಗೀಚಿದ ನೋಟು ಬೇಡ. ಥಾಯ್ ಎಟಿಎಂ ಎಷ್ಟೇ ತೆಗೆದರೂ ಪ್ರತಿ ಸಲ 220 ಬಾತ್ ಅಥವಾ ಇನ್ನೂ ಹೆಚ್ಚು ಶುಲ್ಕ ಕೀಳುತ್ತೆ. ದಿನಾ ಚೂರು ಚೂರು ತೆಗೀಬೇಡಿ. ರೂಪಾಯಿಗೆ ಪರಿವರ್ತಿಸಲಾ ಅಂತ ಕೇಳಿದಾಗ ಬೇಡ ಅನ್ನಿ, ಮಷೀನು ಕೊಡೋ ದರ ಸಾಮಾನ್ಯವಾಗಿ ದುಬಾರಿ.

ಲೆಕ್ಕದ ವಿಷಯ ಚಿಕ್ಕದು. ಬೆಳಗ್ಗೆ ಇಬ್ಬರೂ ಸಮ ದುಡ್ಡನ್ನ ಒಂದು ಚೀಲಕ್ಕೆ ಹಾಕಿ, ಟುಕ್‌ಟುಕ್, ನೀರು, ಊಟ ಎಲ್ಲ ಅದರಿಂದ. ರೂಮಿನ ಬಾಡಿಗೆ ಸರದಿ ಮೇಲೆ.

ರೈಲಿನ ಬಗ್ಗೆಯೂ ಹೇಳಿಬಿಡ್ತೀನಿ. ಥಾಯ್-ಮಲೇಷ್ಯಾ ಗಡಿಯ ಪಾದಂಗ್ ಬೆಸಾರ್‌ಗೆ ಹೋಗೋ ರಾತ್ರಿ ರೈಲು ಈಗ ಬ್ಯಾಂಕಾಕ್‌ನ ಹೊಸ ನಿಲ್ದಾಣ ಕ್ರುಂಗ್ ಥೇಪ್ ಅಪಿವತ್‌ನಿಂದ ಹೊರಡುತ್ತೆ. 2023ರ ಜನವರಿಗಿಂತ ಹಳೆಯ ಬರಹ ನಂಬಿ ಹಳೇ ನಿಲ್ದಾಣ ಹುವಾ ಲಂಪೋಂಗ್‌ಗೆ ಹೋಗಬೇಡಿ. ಕೆಳ ಬರ್ತ್‌ಗೆ ದುಡ್ಡು ಸ್ವಲ್ಪ ಜಾಸ್ತಿ, ಅಗಲವೂ ಜಾಸ್ತಿ. ಎಸಿ ಕೊರೆಯುತ್ತೆ, ಹೊದಿಕೆ ಬ್ಯಾಗಿನಲ್ಲಿ ಮೇಲೇ ಇರಲಿ. ಎರಡೂ ದೇಶದ ಇಮಿಗ್ರೇಷನ್ ಪಾದಂಗ್ ಬೆಸಾರ್ ನಿಲ್ದಾಣದಲ್ಲೇ ಇದೆ. ಮಲೇಷ್ಯಾದ ಗಡಿಯಾರ ಒಂದು ಗಂಟೆ ಮುಂದೆ, ಬಟರ್‌ವರ್ತ್‌ಗೆ ಹೋಗೋ ಕೊಮ್ಯೂಟರ್ ರೈಲಿನ ವೇಳಾಪಟ್ಟಿ ಅದೇ ಸಮಯದ್ದು. ಬಟರ್‌ವರ್ತ್‌ನಿಂದ ದೋಣಿ ಹತ್ತಿದರೆ ಪೆನಾಂಗ್ ದ್ವೀಪದ ಜಾರ್ಜ್‌ಟೌನ್. ಎರಡೂ ದೇಶಕ್ಕೆ ಡಿಜಿಟಲ್ ಅರೈವಲ್ ಕಾರ್ಡ್ (ಆನ್‌ಲೈನ್‌ನಲ್ಲಿ ತುಂಬೋ ಪ್ರವೇಶ ಫಾರ್ಮ್) ಬೇಕು, ಪ್ರವೇಶಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು. ಅದು ಉಚಿತ, ದುಡ್ಡು ಕೇಳಿದರೆ ಅದು ಸರ್ಕಾರದ ಸೈಟಲ್ಲ.

ಸಿಂಗಪುರಕ್ಕೆ ಮಾತ್ರ ನಮ್ಮ ಪಾಸ್‌ಪೋರ್ಟಿಗೆ ಮೊದಲೇ ವೀಸಾ ಮಾಡಿಸಬೇಕು, ಅಲ್ಲಿ ಹಾಸಿಗೆ ಬಾಡಿಗೆಯೂ ಉಳಿದ ಊರುಗಳಿಗಿಂತ ತುಂಬಾ ಜಾಸ್ತಿ. ನಾನಾದರೆ ಅದನ್ನ ಕೈಬಿಟ್ಟು ಆ ದಿನಗಳನ್ನೂ ಜಾರ್ಜ್‌ಟೌನ್‌ಗೇ ಕೊಡ್ತೀನಿ. ಸಸ್ಯಾಹಾರಿಗಳಾದರೆ ಅಲ್ಲಿಯ ಲಿಟಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ ಸಿಗುತ್ತೆ.